ತೇರಿನ ಮುಂದೆ ಒಂದು ದಿನ, ಬೆಂಚಿನ ಮೇಲೆ 220 ದಿನ

ಈ ಸಲದ ಎಪಿಸೋಡಿಗೆ ಅತಿಥಿಗಳು ಯಾರೂ ಇಲ್ಲ, ನಾನೊಬ್ಬಳೇ. ವಿಷಯ ಶಾಲೆ. ಶಾಲೆಯೊಳಗೆ ಹಿಂದೂ ಮಕ್ಕಳು, ಮುಸ್ಲಿಂ ಮಕ್ಕಳು ಹೇಗೆ ಒಟ್ಟಿಗೆ ಇದ್ರು, ಈಗ ಹೇಗಿದ್ದಾರೆ, ಮುಂದೆ ಒಟ್ಟಿಗೆ ಇರ್ತಾರಾ ಅನ್ನೋದು. ಅರಸೀಕೆರೆ, ಬೇಲೂರು, ಹಳೇಬೀಡು, ಈ ಮೂರು ಊರು ಇಟ್ಕೊಂಡೇ ಮಾತಾಡ್ತೀನಿ. ನಾನು ಹುಟ್ಟಿ, ಓದಿ, ಬೆಳೆದಿದ್ದು ಆ ಸೀಮೆಯಲ್ಲೇ.

ಮೊದಲು ಬೇಲೂರು. ಯಾಕಂದ್ರೆ ನಮ್ಮ ಜಿಲ್ಲೆಯ ಸೌಹಾರ್ದ ಅಂದ ತಕ್ಷಣ ಟಿವಿಯವರು ಕ್ಯಾಮೆರಾ ಹಿಡ್ಕೊಂಡು ಹೋಗೋದು ಅಲ್ಲಿಗೇ. ಚೈತ್ರದಲ್ಲಿ ಚನ್ನಕೇಶವ ಸ್ವಾಮಿಯ ತೇರು. ತೇರು ಎಳೆಯೋ ಮುಂಚೆ ಖಾಜಿಯವರು ಬಂದು ಕುರಾನ್ ಪಠಣ ಮಾಡೋದು ಅಲ್ಲಿನ ಹಳೇ ಪದ್ಧತಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವಸ್ಥಾನ ಅದು. ಅಂಥ ಕಡೆ ಇಂಥ ಒಂದು ಗಳಿಗೆ ಇದೆ ಅಂತ ಕೇಳಿದ್ರೆ ಹೊರಗಿನವರಿಗೆ ಆಶ್ಚರ್ಯ. ನಮ್ಮ ಕಡೆಯವರಿಗೆ ಅದು ತೇರಿನ ಒಂದು ಭಾಗ, ಅಷ್ಟೇ. ಹಗ್ಗ ಹಿಡಿಯೋರು ಹಿಡಿತಾರೆ, ಬಾಳೆಹಣ್ಣು ಎಸೆಯೋರು ಎಸೀತಾರೆ, ಖಾಜಿ ಬಂದು ತಮ್ಮ ಕೆಲಸ ಮುಗಿಸ್ತಾರೆ.

2022ರಲ್ಲಿ ಅದು 'ಅಷ್ಟೇ' ಆಗಿ ಉಳೀಲಿಲ್ಲ. ಆ ವರ್ಷ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕೋಕೆ ಬಿಡಬಾರದು ಅನ್ನೋ ಕೂಗು ಎದ್ದಿತ್ತು. ಬೇಲೂರಿನಲ್ಲೂ ಅದೇ ಆತಂಕ. ಕೊನೆಗೆ ಮುಜರಾಯಿ ಇಲಾಖೆ ಪದ್ಧತಿ ಪ್ರಕಾರ ನಡೀಲಿ ಅಂತು. ಏಪ್ರಿಲ್‌ನಲ್ಲಿ ಕುರಾನ್ ಪಠಣವೂ ಆಯ್ತು, ತೇರೂ ಸಾಗಿತು. 2023ರಲ್ಲಿ ಅದೇ ಪಠಣದ ವಿರುದ್ಧ ಮತ್ತೆ ಪ್ರತಿಭಟನೆ. ಈಗ ತೇರು ಹತ್ತಿರ ಬಂತು ಅಂದ್ರೆ 'ಈ ಸಲ ಏನಾಗುತ್ತೋ' ಅನ್ನೋ ಮಾತೂ ಜೊತೆಗೇ ಬರುತ್ತೆ.

ಆ ಪದ್ಧತಿ ಉಳೀಬೇಕು ಅಂತ ನನಗೆ ಅನಿಸುತ್ತೆ. ಆದ್ರೆ ಇವತ್ತು ನಾನು ಕೇಳೋ ಪ್ರಶ್ನೆ ಬೇರೆ. ತೇರು ವರ್ಷಕ್ಕೆ ಒಂದು ಸಲ. ಉಳಿದ ದಿನ ಈ ಎರಡು ಸಮುದಾಯದವರು ಎಲ್ಲಿ ಸೇರ್ತಾರೆ? ಸಂತೆಯಲ್ಲಿ, ಬಸ್ಸಲ್ಲಿ, ಕೊಬ್ಬರಿ ಮಂಡಿಯಲ್ಲಿ ಸೇರ್ತಾರೆ. ಆದ್ರೆ ಅಲ್ಲೆಲ್ಲ ವ್ಯವಹಾರ ಮುಗಿದ ಮೇಲೆ ಎದ್ದು ಹೋಗ್ತಾರೆ. ಎದ್ದು ಹೋಗೋಕೆ ಆಗದೇ ಇರೋ ಹಾಗೆ, ಪಕ್ಕ ಪಕ್ಕ, ಬೆಳಿಗ್ಗೆಯಿಂದ ಸಂಜೆವರೆಗೆ ಕೂರೋ ಜಾಗ ಒಂದೇ: ಶಾಲೆ.

ನಾನು ಬಿಕಾಂ ಓದಿದವಳು, ಯಾವುದನ್ನೇ ಆಗ್ಲಿ ಲೆಕ್ಕ ಹಾಕಿ ನೋಡೋ ಅಭ್ಯಾಸ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೀಬೇಕು. ಐದು ವರ್ಷಕ್ಕೆ 1,000, ಮೂರು ವರ್ಷಕ್ಕೆ 660. ಒಟ್ಟು 1,660 ದಿನ. ತೇರಿನ ಮುಂದೆ ನಿಲ್ಲೋದು ಅದೇ ಎಂಟು ವರ್ಷದಲ್ಲಿ ಎಂಟು ದಿನ. ಎಂಟು ದಿನದ ಬಗ್ಗೆ ಅಷ್ಟು ಚರ್ಚೆ ಮಾಡೋ ನಾವು 1,660 ದಿನದ ಬಗ್ಗೆ ಮಾತೇ ಆಡಲ್ಲ.

ಆ ದಿನಗಳಲ್ಲಿ ಏನು ನಡೀತಿತ್ತು ಅಂತ ಹೇಳ್ತೀನಿ. 2010. ನಾನು ಅರಸೀಕೆರೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ 8ನೇ ಕ್ಲಾಸು. ರೈಲ್ವೆ ಜಂಕ್ಷನ್ ಇರೋ ಊರು, ಹಾಗಾಗಿ ಕ್ಲಾಸಲ್ಲಿ ಎಲ್ಲ ಥರದ ಮನೆಯವರು. ಪಕ್ಕದ ಹಳ್ಳಿಗಳಿಂದ ಬರೋರು, ತೆಂಗಿನ ತೋಟದ ಮನೆಯವರು, ಗುಜರಿ ಅಂಗಡಿಯವರ ಮಕ್ಕಳು, ಆಟೋ ಓಡಿಸೋರ ಮಕ್ಕಳು. ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು. ಕ್ಲಾಸಲ್ಲೂ ಕುಳ್ಳಿಯರು ಮುಂದೆ, ಉದ್ದ ಇರೋರು ಹಿಂದೆ. ನಾನು ಕುಳ್ಳಿ, ನನ್ನ ಪಕ್ಕ ಕೂತ ಹುಡುಗಿಯೂ ಕುಳ್ಳಿ. ಅವಳು ಮುಸ್ಲಿಂ, ನಾನು ಹಿಂದೂ. ನಮ್ಮಿಬ್ಬರನ್ನ ಸೇರಿಸಿದ್ದು ಯಾವ ಭಾಷಣವೂ ಅಲ್ಲ, ನಮ್ಮ ಎತ್ತರ. ಎತ್ತರಕ್ಕೆ ಜಾತಿ ಧರ್ಮ ಗೊತ್ತಿರಲ್ಲ.

ಒಂದೇ ಜಾಮಿಟ್ರಿ ಬಾಕ್ಸ್ ಇಬ್ಬರಿಗೂ. ಅವಳ ಗಣಿತ ಚೆನ್ನಾಗಿತ್ತು, ನನ್ನ ಕನ್ನಡ ವ್ಯಾಕರಣ ಚೆನ್ನಾಗಿತ್ತು. ಸಂಧಿ ಸಮಾಸ ನಾನು ಹೇಳಿಕೊಡ್ತಿದ್ದೆ, ಪ್ರಮೇಯ ಅವಳು. ಸರ್ಕಾರದ ಸೈಕಲ್ ಇಬ್ಬರಿಗೂ ಒಂದೇ ದಿನ ಸಿಕ್ತು. ಅವಳಿಗೆ ಮೊದಲೇ ಓಡಿಸೋಕೆ ಬರ್ತಿತ್ತು, ನನಗೆ ಕಲಿಸಿದ್ದು ಅವಳೇ. ಬಿಸಿಯೂಟಕ್ಕೆ ಒಂದೇ ಸಾಲಲ್ಲಿ ತಟ್ಟೆ.

ಆ ವರ್ಷ ರಂಜಾನ್ ಉಪವಾಸ ಆಗಸ್ಟ್‌ನಲ್ಲಿ ಶುರು ಆಗಿತ್ತು. ಆಗಸ್ಟ್ 15ಕ್ಕೆ ಧ್ವಜಾರೋಹಣ ಆಗಿ ಲಾಡು ಕೊಟ್ರು. ಅವಳು ತಿನ್ನಲಿಲ್ಲ, ನೋಟ್ ಬುಕ್ಕಿನ ಹಾಳೆಯಲ್ಲಿ ಸುತ್ತಿ ಇಟ್ಕೊಂಡಳು. ಸಂಜೆ ಉಪವಾಸ ಬಿಡೋವಾಗ ತಮ್ಮನ ಜೊತೆ ಹಂಚಿಕೊಂಡು ತಿಂದಳಂತೆ. ಡ್ರಿಲ್ ಮೇಷ್ಟ್ರು ಆ ತಿಂಗಳು ಉಪವಾಸ ಇದ್ದೋರಿಗೆ ಓಟ ಓಡಿಸ್ತಿರಲಿಲ್ಲ, ಸ್ಕೋರ್ ಬರ್ಕೊಳ್ಳೋ ಕೆಲಸ ಕೊಡ್ತಿದ್ರು. ಅದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಅವರಿಗೆ ಮಕ್ಕಳ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಗಣೇಶ ಹಬ್ಬ, ರಂಜಾನ್ ಹಬ್ಬ ಒಟ್ಟೊಟ್ಟಿಗೆ ಬಂದವು. ನಮ್ಮನೇಲಿ ಮಾಂಸ ಮಾಡಲ್ಲ. ಅದು ಅವಳ ಅಮ್ಮನಿಗೆ ಗೊತ್ತು. ಹಾಗಾಗಿ ಅವರ ಮನೆಯಿಂದ ಬೇಯಿಸಿದ್ದು ಬರ್ತಿರಲಿಲ್ಲ. ಶ್ಯಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ, ಎಲ್ಲ ಹಸಿಯಾಗೇ ಒಂದು ಸ್ಟೀಲ್ ಡಬ್ಬಿಯಲ್ಲಿ. 'ಅಕ್ಕ, ನೀವೇ ಮಾಡ್ಕೊಳ್ಳಿ' ಅಂತ ಅಮ್ಮನಿಗೆ ಹೇಳಿ ಕಳಿಸ್ತಿದ್ರು. ಅಮ್ಮ ಅದೇ ಡಬ್ಬಿಗೆ ಕಡುಬು ಹಾಕಿ ವಾಪಸ್ಸು. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದು ಅನ್ನೋದು ಎರಡೂ ಮನೆಯ ನಿಯಮ. ಸಂಕ್ರಾಂತಿಗೆ ನಾನು ಎಳ್ಳು ಬೀರೋಕೆ ಹೋಗೋ ಮನೆಗಳ ಪಟ್ಟಿಯಲ್ಲಿ ಅವರ ಮನೆಯೂ ಇತ್ತು.

ಶಾಲೆಯಲ್ಲಿ ಶಾರದಾ ಪೂಜೆ ಆಗ್ತಿತ್ತು. ಅವಳು ಬೆಳಿಗ್ಗೆ ಬೇಗ ಬಂದು ಹೂವು ಕಟ್ಟೋಳು, ಹಣ್ಣು ಹೆಚ್ಚೋಳು, ಕಪ್ಪು ಹಲಗೆ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆಯೋಳು. ಮಂಗಳಾರತಿ ಹೊತ್ತಿಗೆ ಹಿಂದಿನ ಸಾಲಲ್ಲಿ ಸುಮ್ಮನೆ ನಿಲ್ಲೋಳು. ಮೇಡಂ ಒಂದು ದಿನವೂ 'ಮುಂದೆ ಬಾ, ಆರತಿ ತಗೋ' ಅನ್ನಲಿಲ್ಲ. 'ನೀನ್ಯಾಕೆ ಇಲ್ಲಿದ್ದೀಯಾ' ಅಂತಲೂ ಅನ್ನಲಿಲ್ಲ. ಆಮೇಲೆ ನಾನು ಸಂವಿಧಾನ ಓದಿದಾಗ 28ನೇ ವಿಧಿ ಕಣ್ಣಿಗೆ ಬಿತ್ತು. ಸರ್ಕಾರದ ಮಾನ್ಯತೆ ಇರೋ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಪೂಜೆ, ಪ್ರಾರ್ಥನೆಗೆ ಸೇರಿಸಬಾರದು ಅನ್ನುತ್ತೆ ಅದು. ನಮ್ಮ ಮೇಡಂ ಆ ವಿಧಿ ಓದಿದ್ರೋ ಇಲ್ವೋ, ನಡೆಸಿದ್ದಂತೂ ಹಾಗೇ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮ ಸರ್ಕಾರಿ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಧಾರ್ಮಿಕ ಪಠಣ ಅಂತ ಒಂದು ಸ್ಪರ್ಧೆ ಇದೆ. ಅದರಲ್ಲಿ ಸಂಸ್ಕೃತ ಒಂದು ವಿಭಾಗ, ಅರೇಬಿಕ್ ಒಂದು ವಿಭಾಗ. ಅದೇ ವೇದಿಕೆ, ಅದೇ ಮೈಕು. ಒಂದು ಮಗು ಶ್ಲೋಕ ಹೇಳಿ ಇಳಿಯುತ್ತೆ, ಇನ್ನೊಂದು ಮಗು ಕುರಾನಿನ ಸಾಲು ಹೇಳೋಕೆ ಹತ್ತುತ್ತೆ. ಕೆಳಗೆ ಕೂತ ಮಕ್ಕಳು ಎರಡಕ್ಕೂ ಚಪ್ಪಾಳೆ ಹೊಡೀತಾರೆ, ಯಾಕಂದ್ರೆ ಗೆದ್ರೆ ಹೆಸರು ಬರೋದು ಶಾಲೆಗೆ. ಬೇಲೂರಿನ ತೇರಿನ ಮುಂದೆ ನಡೆಯೋದಕ್ಕೆ ರಾಷ್ಟ್ರಮಟ್ಟದ ಸುದ್ದಿ. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ನಡೆಯೋದು ಸುದ್ದಿ ಆಗಲ್ಲ. ಸುದ್ದಿ ಆಗದೇ ಇರೋದೇ ಒಳ್ಳೇದಾಯ್ತು ಅನಿಸುತ್ತೆ ಒಂದೊಂದ್ಸಲ.

ಇಷ್ಟು ಕೇಳಿ 'ಆಹಾ, ಆಗೆಲ್ಲ ಸ್ವರ್ಗ' ಅನ್ಕೋಬೇಡಿ. ಜಗಳ ಇತ್ತು, ಕೆಟ್ಟ ಮಾತೂ ಇತ್ತು. 'ಸಾಬ್ರು' ಅನ್ನೋ ಪದವನ್ನ ಯಾವ ರಾಗದಲ್ಲಿ ಹೇಳಿದ್ರೆ ನೋವಾಗುತ್ತೆ ಅಂತ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. 2011ರ ಮಾರ್ಚ್ 30, ವರ್ಲ್ಡ್‌ಕಪ್ ಸೆಮಿಫೈನಲ್, ಮೊಹಾಲಿಯಲ್ಲಿ ಇಂಡಿಯಾ-ಪಾಕಿಸ್ತಾನ. ಹಿಂದಿನ ದಿನ ಹುಡುಗರ ಕಡೆ ಬೆಂಚಲ್ಲಿ ಒಬ್ಬ ಇನ್ನೊಬ್ಬನನ್ನ ಕೇಳಿದ: 'ನೀನು ಯಾರ ಕಡೆನೋ?' ಕೇಳಿಸ್ಕೊಂಡ ಹುಡುಗ ಮುಸ್ಲಿಂ. ಅವನು ತಲೆ ಎತ್ತದೇ ಅಂದ: 'ಜಹೀರ್ ಖಾನ್ ಕಡೆ.' ಒಂದು ಕ್ಷಣ ಸುಮ್ಮನಿದ್ದು ಇಡೀ ಕ್ಲಾಸು ನಕ್ಕಿತು, ಕೇಳಿದವನೂ ನಕ್ಕ. ಮಾರನೇ ದಿನ ಇಂಡಿಯಾ 29 ರನ್ನಿಂದ ಗೆದ್ದ ಮೇಲೆ ಇಬ್ಬರೂ ಒಂದೇ ಅಂಗಡಿ ಮುಂದೆ ಕುಣೀತಿದ್ರು.

ಗಮನಿಸಿ, ಆ ಪ್ರಶ್ನೆ ಆಗಲೂ ಇತ್ತು. ಆದ್ರೆ ಕೇಳಿದವನಿಗೆ ಉತ್ತರ ಮೂರು ಅಡಿ ದೂರದಲ್ಲೇ ಸಿಕ್ತು, ನಗು ಸಮೇತ. ಇವತ್ತು ಅದೇ ಪ್ರಶ್ನೆಯನ್ನ ಮೊಬೈಲಲ್ಲಿ ಕೇಳ್ತಾರೆ. ಉತ್ತರ ಕೊಡಬೇಕಾದ ಹುಡುಗ ಆ ಗ್ರೂಪಲ್ಲೇ ಇರಲ್ಲ. ಅವನ ಪರವಾಗಿ ಬೇರೆ ಯಾರೋ, ಎಲ್ಲಿಂದಲೋ ಉತ್ತರ ಬರೀತಾರೆ.

ಈಗ ಹಳೇಬೀಡು. ಕರ್ನಾಟಕದಲ್ಲಿ ಓದಿದ ಯಾರನ್ನೇ ಕೇಳಿ, ಶಾಲೆ ಪ್ರವಾಸ ಅಂದ್ರೆ ಬೇಲೂರು-ಹಳೇಬೀಡು ಅಂತಾರೆ. ನಮಗೆ ಅದು ಪಕ್ಕದ ಊರು, ಆದ್ರೂ ಹೋದ್ವಿ. ಬುತ್ತಿ ಕಟ್ಕೊಂಡು, ಬಸ್ಸಲ್ಲಿ ಅಂತ್ಯಾಕ್ಷರಿ ಆಡ್ಕೊಂಡು. ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮುಂದೆ ಒಬ್ಬರು ವಿವರಿಸ್ತಾ, ಮುರಿದ ಕೈಗಳನ್ನ, ಮೂಗುಗಳನ್ನ ತೋರಿಸಿ 'ಇದೆಲ್ಲ ಮುಸ್ಲಿಮರು ಒಡೆದದ್ದು' ಅಂದ್ರು. ನಮ್ಮ ಗುಂಪಲ್ಲಿ ಏಳೆಂಟು ಮುಸ್ಲಿಂ ಮಕ್ಕಳು. ನನ್ನ ಬೆಂಚಿನ ಗೆಳತಿ ಆನೆಗಳ ಸಾಲು ಎಣಿಸ್ತಿದ್ದವಳು ಎಣಿಸೋದು ನಿಲ್ಲಿಸಿದಳು.

ನಮ್ಮ ಸಮಾಜ ಮೇಷ್ಟ್ರು ಅವರ ಜೊತೆ ಜಗಳಕ್ಕೆ ಹೋಗಲಿಲ್ಲ. ವಿಷಯ ಮುಚ್ಚಿಡಲೂ ಇಲ್ಲ. ನಮ್ಮನ್ನೆಲ್ಲ ಹುಲ್ಲಿನ ಮೇಲೆ ಕೂರಿಸಿ ಹೇಳಿದ್ರು. 1311ರಲ್ಲಿ ದೆಹಲಿ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ದಂಡೆತ್ತಿ ಬಂದ. ಆಗ ಇಲ್ಲಿ ಮೂರನೇ ಬಲ್ಲಾಳ ರಾಜ. ಸಂಪತ್ತು ಹೋಯ್ತು, ಊರು ಸೊರಗಿತು. ಇದು ನಡೆದದ್ದು ನಿಜ, ಪರೀಕ್ಷೆಗೂ ಬರುತ್ತೆ, ಬರ್ಕೊಳ್ಳಿ ಅಂದ್ರು. ಆಮೇಲೆ ಒಂದು ಮಾತು ಸೇರಿಸಿದ್ರು. '1311ರ ಬಾಕಿಯನ್ನ 8ನೇ ಕ್ಲಾಸಿನ ಮಗು ಹತ್ತಿರ ವಸೂಲಿ ಮಾಡೋಕೆ ಹೋಗಬೇಡಿ. ಆ ಮಗು ಆಗ ಹುಟ್ಟಿರಲಿಲ್ಲ.' ಮಕ್ಕಳು ನಕ್ಕರು. ಗೆಳತಿ ಮತ್ತೆ ಆನೆ ಎಣಿಸೋಕೆ ಹೋದಳು.

ನಾನು ಕಾಮರ್ಸ್ ತಗೊಂಡ ಮೇಲೆ ಆ ಮಾತು ಇನ್ನೂ ಚೆನ್ನಾಗಿ ಅರ್ಥ ಆಯ್ತು. ಸಾಲ ವಸೂಲಿ ಮಾಡ್ಬೇಕು ಅಂದ್ರೆ ಸಾಲ ತಗೊಂಡವನು ಯಾರು ಅಂತ ಲೆಡ್ಜರಿನಲ್ಲಿ ಇರಬೇಕು. ಹೆಸರು ಒಂದೇ ಥರ ಕೇಳಿಸುತ್ತೆ ಅಂತ ಬೇರೆಯವರ ಖಾತೆಗೆ ಬರೆದ್ರೆ ಅದು ಲೆಕ್ಕ ಅಲ್ಲ, ಮೋಸ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶಾಲೆ ಬಸ್ಸುಗಳು ಇನ್ನೂ ಹೆಚ್ಚು ಬರಲಿ. ಆದ್ರೆ ಬಸ್ಸಿಂದ ಇಳಿಯೋ ಮಕ್ಕಳಿಗೆ ಇತಿಹಾಸ ಹೇಳೋರು ಯಾರು, ಯಾವ ಮಾತಲ್ಲಿ ಹೇಳ್ತಾರೆ ಅನ್ನೋದು ಕಲ್ಲಿನಷ್ಟೇ ಮುಖ್ಯ.

ನಮ್ಮದೇ ಜಿಲ್ಲೆಯ ಇನ್ನೊಂದು ಕಲ್ಲಿನ ಕಥೆ ಹೇಳ್ತೀನಿ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ, ವಿಜಯನಗರದ ಬುಕ್ಕರಾಯನದು. ಆಗಿನ ಗಲಾಟೆ ಹಿಂದೂ-ಮುಸ್ಲಿಂ ಅಲ್ಲ, ಜೈನರದ್ದು ಮತ್ತು ಶ್ರೀವೈಷ್ಣವರದ್ದು. ಯಾರು ಯಾವ ವಾದ್ಯ ನುಡಿಸಬಹುದು, ಕಲಶ ಯಾರಿಗೆ ಅನ್ನೋ ಜಗಳ. ಇವತ್ತಿನ ಮೆರವಣಿಗೆ ಜಗಳಗಳ ಥರಾನೇ! ಜೈನರು ರಾಜನ ಹತ್ತಿರ ದೂರು ತಗೊಂಡು ಹೋದ್ರು. ಬುಕ್ಕರಾಯ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಕ್ಕೂ ಭೇದ ಇಲ್ಲ ಅಂದ. ಈ ಭಾಗ ಎಲ್ಲರೂ ಹೇಳ್ತಾರೆ. ನನಗೆ ಇಷ್ಟ ಆಗೋದು ಅದರ ಮುಂದಿನ ಭಾಗ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನ ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿದು ರಿಪೇರಿ ಮಾಡಿಸಬೇಕು. ಅಂದ್ರೆ ಜೈನ ದೇವರ ಕಾವಲಿನ ಜವಾಬ್ದಾರಿ ವೈಷ್ಣವರ ಕಡೆಯವರಿಗೆ.

ನೋಡಿ, ಎಷ್ಟು ದುಡ್ಡು, ಎಷ್ಟು ಜನ, ಯಾರ ಹೊಣೆ, ಎಲ್ಲ ಬರೆದಿಟ್ಟಿದ್ದಾರೆ. 'ಎಲ್ಲರೂ ಪ್ರೀತಿಯಿಂದ ಇರಿ' ಅಂತ ಹೇಳಿ ಮನೆಗೆ ಕಳಿಸಲಿಲ್ಲ. ಸೌಹಾರ್ದ ಅನ್ನೋದು ಒಂದು ಏರ್ಪಾಡು. ಎತ್ತರದ ಪ್ರಕಾರ ಸಾಲು ಒಂದು ಏರ್ಪಾಡು. ಉಪವಾಸ ಇರೋ ಹುಡುಗಿಗೆ ಸ್ಕೋರ್ ಬರೆಯೋ ಕೆಲಸ ಒಂದು ಏರ್ಪಾಡು. ಅದನ್ನ ಯಾರೋ ಮಾಡ್ಬೇಕು, ದಿನಾ ಮಾಡ್ಬೇಕು.

ಏರ್ಪಾಡು ಕೆಟ್ಟಾಗ ಏನಾಗುತ್ತೆ ಅಂತ 2022ರಲ್ಲಿ ಇಡೀ ರಾಜ್ಯ ನೋಡ್ತು. ಉಡುಪಿಯ ಒಂದು ಪಿಯು ಕಾಲೇಜಲ್ಲಿ ಹಿಜಾಬ್ ವಿಷಯಕ್ಕೆ ಶುರುವಾದದ್ದು ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರವರಿ 5ಕ್ಕೆ ಸಮವಸ್ತ್ರದ ಸರ್ಕಾರಿ ಆದೇಶ. ಒಂದು ಕಡೆ ಹಿಜಾಬ್, ಇನ್ನೊಂದು ಕಡೆ ಕೇಸರಿ ಶಾಲು. ಹೈಸ್ಕೂಲು, ಕಾಲೇಜಿಗೆ ರಜೆ ಕೊಡೋ ಪರಿಸ್ಥಿತಿ. ಮಾರ್ಚ್ 15ಕ್ಕೆ ಹೈಕೋರ್ಟ್ ಸರ್ಕಾರದ ಆದೇಶ ಎತ್ತಿಹಿಡಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ರು, ವಿಷಯ ದೊಡ್ಡ ಪೀಠಕ್ಕೆ ಹೋಗಲಿ ಅಂತಾಯ್ತು.

ನಾನಿಲ್ಲಿ ಕೋರ್ಟ್ ಆಗಲ್ಲ. ಬಟ್ಟೆ ವಿಷಯದಲ್ಲಿ ನಿಮ್ಮ ಅಭಿಪ್ರಾಯ ನಿಮಗಿರಲಿ. ನನ್ನ ಗೆಳತಿಯ ಚಿಕ್ಕಪ್ಪನ ಮಗಳು ಆಗ ಸೆಕೆಂಡ್ ಪಿಯು. ಪರೀಕ್ಷೆಗೆ ಎರಡು ತಿಂಗಳು ಇರೋವಾಗ ಕಾಲೇಜಿಗೆ ಹೋಗೋದು ನಿಲ್ಲಿಸಿದಳು. ಅವಳಿಗೆ ಜಾಸ್ತಿ ನೋವು ಆಗಿದ್ದು ಆದೇಶದಿಂದಲ್ಲ ಅಂತಾಳೆ. 'ನನ್ನ ಲ್ಯಾಬ್ ಪಾರ್ಟ್ನರ್ ಗೇಟಲ್ಲಿ ಆ ಕಡೆ ನಿಂತಿದ್ಲು ಅಕ್ಕ, ನನ್ನ ಕಣ್ಣು ತಪ್ಪಿಸಿದ್ಲು' ಅಂದಳು. ಆ ಲ್ಯಾಬ್ ಪಾರ್ಟ್ನರ್ ಆಮೇಲೆ ರಾತ್ರಿ ಎಲ್ಲ ನೋಟ್ಸಿನ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದ್ಲಂತೆ, ಒಂದು ಮಾತೂ ಬರೀದೆ. ಮೂವತ್ತೆಂಟು ಫೋಟೋ. ಹಗಲು ಗೇಟಲ್ಲಿ ಆಗದೇ ಇದ್ದಿದ್ದು ರಾತ್ರಿ ಫೋನಲ್ಲಿ ಆಯ್ತು. ಎರಡು ವರ್ಷ ಪಕ್ಕ ನಿಂತು ಪ್ರಯೋಗ ಮಾಡಿದ್ದಕ್ಕೆ ಆ ಮೂವತ್ತೆಂಟು ಫೋಟೋ ಬಂದವು. ಇಬ್ಬರೂ ಬೇರೆ ಬೇರೆ ಕಾಲೇಜಲ್ಲಿ ಇದ್ದಿದ್ರೆ?

ಅಲ್ಲಿಗೇ ಬರ್ತಿದ್ದೀನಿ. ಈಗ ನನಗೆ ನಿಜವಾಗಲೂ ಭಯ ಆಗೋದು ಜಗಳಕ್ಕಲ್ಲ, ಜಗಳ ಆಡೋಕೂ ಪಕ್ಕದಲ್ಲಿ ಯಾರೂ ಇಲ್ಲದೇ ಇರೋದಕ್ಕೆ. ನನ್ನ ಅಣ್ಣನ ಮಗಳು ಮೂರನೇ ಕ್ಲಾಸು, ಅರಸೀಕೆರೆಯಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಹೋದ ರಂಜಾನಿಗೆ ನಮ್ಮನೆಗೆ ಅದೇ ಸ್ಟೀಲ್ ಡಬ್ಬಿ ಬಂತು. ಅದನ್ನ ನೋಡಿ ಅವಳು ಕೇಳಿದಳು: 'ಅತ್ತೆ, ಅವರು ಮುಸ್ಲಿಮ್ಸಾ? ಅವರಿಗೆ ಕನ್ನಡ ಬರುತ್ತಾ?'

ಮಗು ತಪ್ಪೇನೂ ಕೇಳಲಿಲ್ಲ. ಅವಳ ಕ್ಲಾಸಲ್ಲಿ ಒಬ್ಬರೂ ಮುಸ್ಲಿಂ ಮಕ್ಕಳಿಲ್ಲ. ಅರ್ಧ ಕಿಲೋಮೀಟರ್ ಆಚೆ ಇನ್ನೊಂದು ಶಾಲೆ ಇದೆ, ಅಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮುಸ್ಲಿಂ ಮಕ್ಕಳೇ. ಎರಡು ಶಾಲೆಯ ವ್ಯಾನೂ ಒಂದೇ ರೋಡಲ್ಲಿ ಹೋಗುತ್ತೆ. ಮಕ್ಕಳು ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡ್ತಾರೆ.

ಇದು ಯಾರೋ ಕೂತು ಮಾಡಿದ ಸಂಚು ಅಂತ ನಾನು ಹೇಳ್ತಿಲ್ಲ. ತುಂಬ ಸಣ್ಣ ಸಣ್ಣ, ನ್ಯಾಯವಾದ ಕಾರಣಗಳು ಸೇರಿ ಹೀಗಾಗಿದೆ. ಸರ್ಕಾರಿ ಶಾಲೆಗಳಲ್ಲೇ ಕನ್ನಡ ಮಾಧ್ಯಮದ್ದು ಬೇರೆ, ಉರ್ದು ಮಾಧ್ಯಮದ್ದು ಬೇರೆ. ಮನೆಮಾತಲ್ಲಿ ಓದೋದು ಮಗುವಿನ ಹಕ್ಕು, ಅದನ್ನ ತಪ್ಪು ಅನ್ನೋಕಾಗಲ್ಲ. ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸೋ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ. ಮಠಗಳು, ಟ್ರಸ್ಟುಗಳು ಶಾಲೆ ಕಟ್ಟಿ ಲಕ್ಷಾಂತರ ಮಕ್ಕಳಿಗೆ ಅಕ್ಷರ ಕೊಟ್ಟಿವೆ. ಸಾಲ ಮಾಡಿಯಾದ್ರೂ ಮಗು ಇಂಗ್ಲಿಷ್ ಕಲೀಲಿ ಅನ್ನೋ ಅಪ್ಪ-ಅಮ್ಮನ ಆಸೆಯೂ ತಪ್ಪಲ್ಲ.

ಸೇರಿಸೋಕೆ ಅಂತ ಇದ್ದ ಒಂದು ಬಾಗಿಲು ಆರ್‌ಟಿಇ. ಖಾಸಗಿ ಶಾಲೆಯಲ್ಲಿ 25 ಪರ್ಸೆಂಟ್ ಸೀಟು ಅಕ್ಕಪಕ್ಕದ ಬಡ, ಹಿಂದುಳಿದ ಮನೆಯ ಮಕ್ಕಳಿಗೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯ ಆಗಲ್ಲ ಅಂತು. 2018ರ ಕೊನೆಗೆ ನಮ್ಮ ರಾಜ್ಯ ಸರ್ಕಾರ ನಿಯಮ ಬದಲಾಯಿಸ್ತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಸರ್ಕಾರಿ ಶಾಲೆ ಉಳೀಲಿ ಅನ್ನೋ ಉದ್ದೇಶ ಸರಿಯೇ. ಆದ್ರೆ ಪಟ್ಟಣದಲ್ಲಿ ಸರ್ಕಾರಿ ಶಾಲೆ ಇಲ್ಲದ ಬೀದಿ ಎಲ್ಲಿದೆ? ದುಡ್ಡಿರೋರು ಒಂದು ಕಡೆ, ಇಲ್ಲದೋರು ಒಂದು ಕಡೆ. ಅದರೊಳಗೆ ಮತ್ತೆ ಅವರವರ ಶಾಲೆ ಅವರವರಿಗೆ. ಒಂದೊಂದೂ ಒಳ್ಳೇ ಕಾರಣ. ಕೂಡಿಸಿದ್ರೆ ಬರೋ ಮೊತ್ತ ಮಾತ್ರ ಆ ಪ್ರಶ್ನೆ: 'ಅವರಿಗೆ ಕನ್ನಡ ಬರುತ್ತಾ?'

ಆ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಎಂಥ ಉತ್ತರ ಇದೆ ನೋಡಿ. ಬಾನು ಮುಷ್ತಾಕ್ 1948ರಲ್ಲಿ ಹಾಸನದಲ್ಲಿ ಹುಟ್ಟಿದ್ದು. ಉರ್ದು ಮಾತಾಡೋ ಮನೆ. ಎಂಟು ವರ್ಷದ ಹುಡುಗಿಯನ್ನ ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದಾಗ ಶಾಲೆಯವರು ಒಂದು ಷರತ್ತು ಹಾಕಿದ್ರಂತೆ: ಆರು ತಿಂಗಳಲ್ಲಿ ಕನ್ನಡ ಓದೋಕೆ, ಬರೆಯೋಕೆ ಕಲೀಬೇಕು. ಅವರು ಕೆಲವೇ ದಿನಗಳಲ್ಲಿ ಬರೆಯೋಕೆ ಶುರು ಮಾಡಿದ್ರು. 2025ರ ಮೇ ತಿಂಗಳಲ್ಲಿ ಅವರ ಕನ್ನಡ ಕಥೆಗಳು, ದೀಪಾ ಭಾಸ್ತಿಯವರ ಅನುವಾದ 'ಹಾರ್ಟ್ ಲ್ಯಾಂಪ್' ಮೂಲಕ, ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಕನ್ನಡಕ್ಕೆ ಮೊದಲ ಬೂಕರ್. ಅದೇ ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದ್ರು. ಅದಕ್ಕೂ ಮುಂಚೆ, ಅವರು ಉದ್ಘಾಟಿಸಬಾರದು ಅಂತ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದವರಿದ್ರು. ಎರಡೂ ಕಡೆ ಅರ್ಜಿ ವಜಾ ಆಯ್ತು.

ಎಲ್ಲರೂ ಬೆಟ್ಟದ ಮೇಲಿನ ಆ ದೃಶ್ಯದ ಬಗ್ಗೆ ಮಾತಾಡಿದ್ರು. ನನಗೆ ಅನಿಸೋದು, ಆ ಬೆಟ್ಟ ಹತ್ತೋ ಮೆಟ್ಟಿಲು ಶುರುವಾಗಿದ್ದು ಶಿವಮೊಗ್ಗದ ಆ ಕ್ಲಾಸ್ ರೂಮಿನಲ್ಲಿ. ಬೇರೆ ಧರ್ಮದವರ ಶಾಲೆ, ಬೇರೆ ಮನೆಮಾತಿನ ಹುಡುಗಿ, ಕನ್ನಡದ ಬೆಂಚು. ಅವತ್ತು ಆ ಅಪ್ಪ 'ನಮ್ಮೋರ ಶಾಲೇನೇ ಇರಲಿ ಬಿಡಿ' ಅಂದಿದ್ರೆ ಕನ್ನಡಕ್ಕೆ ಎಷ್ಟು ನಷ್ಟ ಆಗ್ತಿತ್ತು ಲೆಕ್ಕ ಹಾಕಿ.

ಹಾಗಾದ್ರೆ ನಾವೇನು ಮಾಡಬಹುದು? ದೊಡ್ಡ ಮಾತು ಬೇಡ, ನಮ್ಮ ಕೈಯಲ್ಲಿ ಆಗೋದು ಹೇಳ್ತೀನಿ.

ಒಂದು, ಮಗುವಿಗೆ ಶಾಲೆ ಹುಡುಕುವಾಗ ಫೀಸು, ರಿಸಲ್ಟು, ವ್ಯಾನು ಕೇಳ್ತೀವಲ್ಲ, ಇನ್ನೊಂದು ಪ್ರಶ್ನೆ ಸೇರಿಸಿ: 'ನಿಮ್ಮ ಕ್ಲಾಸಲ್ಲಿ ನಮ್ಮ ಊರು ಪೂರ್ತಿ ಇದೆಯಾ?' ಇಲ್ಲ ಅಂದ್ರೆ ಯಾಕೆ ಅಂತ ಕೇಳಿ. ಅಪ್ಪ-ಅಮ್ಮಂದಿರು ಕೇಳೋಕೆ ಶುರು ಮಾಡಿದ್ರೆ ಶಾಲೆಯವರಿಗೂ ಯೋಚನೆ ಹತ್ತುತ್ತೆ. ಗಿರಾಕಿ ಕೇಳಿದ್ದನ್ನ ಅಂಗಡಿಯವರು ತರಿಸ್ತಾರೆ, ಇದು ಕಾಮರ್ಸಿನ ಮೊದಲ ಪಾಠ.

ಎರಡು, ಈಗಾಗಲೇ ಶಾಲೆಗಳು ಬೇರೆ ಆಗಿರೋ ಊರಲ್ಲಿ ಮಕ್ಕಳನ್ನ ಕೆಲಸಕ್ಕೆ ಸೇರಿಸಿ, ಕಾರ್ಯಕ್ರಮಕ್ಕಲ್ಲ. ವೇದಿಕೆ ಮೇಲೆ ಟೋಪಿ, ಪೇಟ, ಶಿಲುಬೆ ಹಾಕಿ ನಿಲ್ಲಿಸಿ ಫೋಟೋ ತೆಗೆದ್ರೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಎರಡು ಶಾಲೆಯ ಮಕ್ಕಳು ಸೇರಿದ ಕಬಡ್ಡಿ ಟೀಮಿಗೆ ಮೂರು ತಿಂಗಳು ಪ್ರಾಕ್ಟೀಸ್ ಬೇಕು. ಹಳೇಬೀಡಿಗೆ ಎರಡೂ ಶಾಲೆಯವರು ಒಂದೇ ಬಸ್ಸಲ್ಲಿ ಹೋಗೋಕೆ ಖರ್ಚೂ ಕಮ್ಮಿ!

ಮೂರು, ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಹಬ್ಬದ ಆಚರಣೆ ಹೇಗಿರಬೇಕು, ಉಪವಾಸದ ತಿಂಗಳಲ್ಲಿ ಆಟದ ಪಿರಿಯಡ್ ಹೇಗೆ, ಪ್ರವಾಸದಲ್ಲಿ ಊಟ ಏನು, ಇಂಥದ್ದನ್ನೆಲ್ಲ ಜಗಳ ಆಗೋ ಮುಂಚೆ, ನಗ್ತಾ ನಗ್ತಾ ತೀರ್ಮಾನ ಮಾಡಿ ಬರೆದಿಟ್ಕೊಳ್ಳಿ. 1368ರಲ್ಲಿ ಕಲ್ಲಿನ ಮೇಲೆ ಬರೆದ್ರು. ನಮಗೆ ಒಂದು ನಡಾವಳಿ ಪುಸ್ತಕ ಸಾಕು.

ನಾಲ್ಕು, ಮನೆಯಲ್ಲಿ ಮಗು ಕೇಳೋ ಪ್ರಶ್ನೆಗೆ ಬೈಬೇಡಿ. ಅಣ್ಣನ ಮಗಳಿಗೆ ನಾನು ಭಾಷಣ ಮಾಡಲಿಲ್ಲ. ಡಬ್ಬಿ ವಾಪಸ್ಸು ಕೊಡೋಕೆ ಅವಳನ್ನೇ ಕರ್ಕೊಂಡು ಹೋದೆ. ಗೆಳತಿಗೂ ಏಳು ವರ್ಷದ ಮಗಳಿದ್ದಾಳೆ. ಇಬ್ಬರೂ ಹತ್ತು ನಿಮಿಷ ಒಬ್ಬರನ್ನೊಬ್ಬರು ನೋಡ್ಕೊಂಡು ಕೂತ್ರು. ಆಮೇಲೆ ಆ ಮಗು 'ನಿಂಗೆ ಕುಂಟೆಬಿಲ್ಲೆ ಬರುತ್ತಾ?' ಅಂತ ಅಚ್ಚ ಕನ್ನಡದಲ್ಲಿ ಕೇಳಿತು. ನಮ್ಮವಳಿಗೆ ಕುಂಟೆಬಿಲ್ಲೆ ಬರ್ತಿರಲಿಲ್ಲ. ಈಗ ಬರುತ್ತೆ.

ಬೇಲೂರಿನ ತೇರು ಮುಂದಿನ ಚೈತ್ರಕ್ಕೂ ಬರುತ್ತೆ. ಮೈಕುಗಳೂ ಬರ್ತವೆ. ಆ ಒಂದು ದಿನವನ್ನ ಶಾಂತಿಯಾಗಿ ದಾಟಿಸೋಕೆ ಪೊಲೀಸರು, ಇಲಾಖೆಯವರು, ಊರ ಹಿರಿಯರು ಇದ್ದಾರೆ. ಉಳಿದ 220 ದಿನಕ್ಕೆ ಯಾರಿದ್ದಾರೆ? ಒಬ್ಬ ಡ್ರಿಲ್ ಮೇಷ್ಟ್ರು, ಒಬ್ಬ ಸಮಾಜ ಮೇಷ್ಟ್ರು, ಒಬ್ಬ ಮೇಡಂ, ಮತ್ತೆ ಮಗುವನ್ನ ಯಾವ ಶಾಲೆಗೆ ಸೇರಿಸಬೇಕು ಅಂತ ಯೋಚಿಸ್ತಾ ಕೂತಿರೋ ನೀವು. ಅಡ್ಮಿಷನ್ ಟೈಮಲ್ಲಿ ಇದನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ.

ನಿಮ್ಮ ಊರಿನ ಶಾಲೆಯಲ್ಲಿ ಈಗ ಪರಿಸ್ಥಿತಿ ಹೇಗಿದೆ, ನಿಮ್ಮ ಬೆಂಚಲ್ಲಿ ಯಾರು ಕೂರ್ತಿದ್ರು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳೋದು ಬೇಡ. ಒಳ್ಳೇದು, ಕೆಟ್ಟದ್ದು ಎರಡನ್ನೂ ಮುಂದಿನ ಎಪಿಸೋಡಿನಲ್ಲಿ ಕೇಳಿಸ್ತೀನಿ.